ಹೊತ್ತು ಮುಳುಗದ ಊರಿಗೆ ಅತ್ತೆ ಹೊರಟದ್ದು

ನಾನು ಹಿರಿಯೂರಿನ ಪಶು ಆಸ್ಪತ್ರೆಯಲ್ಲಿ ಪರೀಕ್ಷಕಿಯಾಗಿದ್ದೆ. ನಿವೃತ್ತಿಗೆ ಇನ್ನು ಮೂರು ವರ್ಷ ಇದ್ದಾಗ, ಒಂದು ಫೆಬ್ರವರಿ ಬೆಳಿಗ್ಗೆ, ಮೇಕೆಯೊಂದರ ಕಾಲಿಗೆ ಪಟ್ಟಿ ಕಟ್ಟುತ್ತಿದ್ದಾಗ ಫೋನ್ ಬಂತು. ಕುರಿಗಾರರ ಬಗ್ಗೆ ಕೆಲಸ ಮಾಡುವ ಸಂಸ್ಥೆಯೊಂದರ ಹೆಣ್ಣುಮಗಳು ಬೆಂಗಳೂರಿನಿಂದ ಮಾತಾಡುತ್ತಿದ್ದಳು. ಹಿಂದಿನ ವರ್ಷ ನಮ್ಮ ಕಡೆಯ ಹಟ್ಟಿಗಳನ್ನು ಸುತ್ತಿ ಹೋಗಿದ್ದವಳು.

"ಮೇಡಂ, ನಾರ್ವೆ ದೇಶದ ಉತ್ತರದ ತುದಿಯಲ್ಲಿ, ಧ್ರುವದ ಹತ್ತಿರ, ಹಿಮಸಾರಂಗ ಸಾಕೋ ಜನ ಒಂದು ಕೂಟ ಮಾಡ್ತಿದ್ದಾರೆ. ಬೇರೆ ಬೇರೆ ದೇಶದಿಂದ ಕುರಿ ಕಾಯೋರು, ಒಂಟೆ ಕಾಯೋರು ಬರ್ತಾರೆ. ನಿಮ್ಮ ಕಡೆಯಿಂದ ಕುರಿ ಕಾಯೋ ಹೆಂಗಸು ಒಬ್ಬರು ಬೇಕು. ಅವರ ಮಾತನ್ನ ಇಂಗ್ಲಿಷಿಗೆ ಹೇಳೋಕೆ ಜೊತೆಗೆ ನೀವು."

ಅಷ್ಟು ಮಾತಿನಲ್ಲಿ ನನ್ನ ಕಿವಿಯಲ್ಲಿ ಉಳಿದದ್ದು ಕೊನೆಯ ಎರಡು ಪದ. ನಾನು ಅಲ್ಲಿಯವರೆಗೆ ಕಂಡಿದ್ದ ದೂರವೆಂದರೆ ಅತ್ತ ತಿರುಪತಿ, ಇತ್ತ ಧರ್ಮಸ್ಥಳ. ಚಿತ್ರದುರ್ಗದ ಹೈಸ್ಕೂಲಿನಲ್ಲಿ ಓದುವಾಗ ಭೂಗೋಳದ ಮೇಷ್ಟ್ರು ಗೋಳ ತಿರುಗಿಸಿ, ಮೇಲಿನ ಬಿಳಿ ಭಾಗ ಮುಟ್ಟಿ, "ಇಲ್ಲಿ ಆರು ತಿಂಗಳು ಹಗಲು" ಅಂದಿದ್ದರು. ಆ ಬಿಳಿ ಭಾಗಕ್ಕೆ ನನ್ನ ಕೈ ಎಟುಕಿರಲಿಲ್ಲ. ನಾನು ಗಿಡ್ಡ.

ಮೇಕೆಯವನನ್ನು ಕಳಿಸಿ, ಕೈ ತೊಳೆದು, ಮಧ್ಯಾಹ್ನದ ಬಸ್ಸಿಗೆ ಯಲ್ಲದಕೆರೆಗೆ ಹೋದೆ. ಅಲ್ಲಿ ನಮ್ಮಪ್ಪನ ತಂಗಿ ಇದ್ದಳು. ಹದಿನಾರಕ್ಕೆ ಮದುವೆಯಾಗಿ, ಇಪ್ಪತ್ತನಾಲ್ಕಕ್ಕೆ ಗಂಡನ್ನ ಕಳೆದುಕೊಂಡು, ಆವತ್ತಿನಿಂದ ಅವನ ಕುರಿಯ ಹಿಂದೆ ನಡೆದವಳು. ಗಂಡಸರು ಮಾತ್ರ ಹೊತ್ತು ತಿರುಗುತ್ತಿದ್ದ ಕಂಬಳಿಯನ್ನು ಹೆಗಲಿಗೆ ಹಾಕಿ, ಕೈಯಲ್ಲಿ ಕೋಲು ಹಿಡಿದು ಅವಳು ಮೊದಲ ದಿನ ಹಟ್ಟಿ ದಾಟಿದಾಗ ಜನ ನಕ್ಕಿದ್ದರಂತೆ. ಆಮೇಲೆ ಯಾರೂ ನಕ್ಕದ್ದು ನಾನು ನೋಡಿಲ್ಲ. ಮಕ್ಕಳಿರಲಿಲ್ಲ. ಗಂಡನ ತಮ್ಮ, ಅಂದರೆ ಅವಳ ಮೈದುನ, ಅದೇ ಹಟ್ಟಿಯಲ್ಲಿ ಪಕ್ಕದ ಮನೆ. ಒಟ್ಟು ಐವತ್ತೆರಡು ಕುರಿ.

ನಾನು ಹೋದಾಗ ಅತ್ತೆ ಕುರಿ ಕೂಡುವ ರೊಪ್ಪದ ಬೇಲಿಗೆ ಜಾಲಿಮುಳ್ಳು ಒತ್ತುತ್ತಿದ್ದಳು. ವಿಷಯ ಹೇಳಿದೆ. ಹಿಮ ಅಂದರೆ ಏನು, ಆ ಪ್ರಾಣಿ ಹೇಗಿರುತ್ತೆ, ಬೇಸಿಗೆಯಲ್ಲಿ ಅಲ್ಲಿ ಹೊತ್ತು ಮುಳುಗುವುದಿಲ್ಲ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಮುಳ್ಳು ಹಿಡಿದ ಕೈ ನಿಂತಿತು.

"ಹೊತ್ತು ಮುಳುಗದಿದ್ರೆ ಕುರೀನ ಯಾವಾಗ ರೊಪ್ಪಕ್ಕೆ ಹೊಡೀತಾರೆ?"

"ನನಗೆ ಗೊತ್ತಿಲ್ಲ ಅತ್ತೆ."

"ಮರಿಗೆ ಯಾವಾಗ ಹಾಲು ಬಿಡ್ತಾರೆ? ನಾಯಿ ಯಾವಾಗ ಮಲಗ್ತೈತೆ?"

"ಹೋಗಿ ಕೇಳಾಣ ನಡಿ."

"ಯಾರು ಅವ್ರು? ಯಾವ ಜನ?"

"ಸಾಮಿ ಅಂತ."

"ಸ್ವಾಮಿಗಳಾ? ಮಠದೋರು ಕುರಿ ಕಾಯ್ತಾರಾ?" ಅಂದಳು. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ; ನಿಜವಾಗಿಯೇ ಕೇಳಿದ್ದಳು. ಇನ್ನೊಂದು ಮುಳ್ಳು ಒತ್ತಿ, "ಕುರಿ ಕಾಯೋರು ಕರೆದವ್ರೆ ಅಂದ್ರೆ ಹೋಗಾಣ" ಅಂದಳು. ನಾನು ಅಷ್ಟು ಬೇಗ ಒಪ್ಪುತ್ತಾಳೆ ಅಂದುಕೊಂಡಿರಲಿಲ್ಲ.

ಅಲ್ಲಿಂದ ಕಾಗದದ ಓಡಾಟ ಶುರುವಾಯಿತು. ಅತ್ತೆಗೆ ಹುಟ್ಟಿದ ದಿನ ಇರಲಿಲ್ಲ. "ದೊಡ್ಡ ಬರ ಬಂತಲ್ಲ, ಅದರ ಮುಂದಿನ ವರ್ಷ, ಅವರೆ ಹೂ ಬಿಡೋ ಕಾಲ" ಅನ್ನುತ್ತಿದ್ದಳು. ಆಧಾರಿನಲ್ಲಿ ಯಾರೋ ಜನವರಿ ಒಂದು ಅಂತ ಹಾಕಿದ್ದರು. ಹೆಸರಿನ ಕೊನೆಗೆ ಒಂದು ಕಾರ್ಡಿನಲ್ಲಿ 'ಅಮ್ಮ', ಇನ್ನೊಂದರಲ್ಲಿ 'ಅಕ್ಕ', ಪಹಣಿಯಲ್ಲಿ ಎರಡೂ ಇಲ್ಲ. ಈ ಮೂವರೂ ಒಬ್ಬಳೇ ಎಂದು ಸಾಬೀತು ಮಾಡಲು ಹಿರಿಯೂರಿನಲ್ಲಿ ನೋಟರಿ, ಚಿತ್ರದುರ್ಗದಲ್ಲಿ ಅಫಿಡವಿಟ್ಟು. ಪ್ರತಿ ಸಲವೂ ಅತ್ತೆ ಕುರಿಯನ್ನು ಮೈದುನನ ಕೈಗೆ ಒಪ್ಪಿಸಿ, ಯಾವುದಕ್ಕೆ ಕಾಲುನೋವು, ಯಾವುದು ತುಂಬುಗಬ್ಬ, ಎಲ್ಲಿ ನೀರು ಕುಡಿಸಬೇಕು ಎಂದು ಹೇಳಿ ಬರುತ್ತಿದ್ದಳು. ಕಚೇರಿಯ ಬೆಂಚಿನ ಮೇಲೆ ಕೂತಾಗಲೂ ಕೈ ಸುಮ್ಮನಿರುತ್ತಿರಲಿಲ್ಲ. ಉಣ್ಣೆ ತಂದಿರುತ್ತಿದ್ದಳು, ಕದಿರು ತಿರುಗಿಸಿ ನೂಲು ತೆಗೆಯುತ್ತಿದ್ದಳು. ಆ ನೂಲನ್ನೇ ಹೊಸದುರ್ಗದ ಕಡೆಯ ನೇಕಾರನೊಬ್ಬನಿಗೆ ಕೊಟ್ಟು, ಹೊಸ ಕಂಬಳಿ ನೇಯಿಸಿಕೊಂಡಳು. "ಚಳಿ ದೇಶಕ್ಕೆ ಹೋಗ್ತಾ ಅಂಗಡಿ ಸ್ವೆಟರ್ ನಂಬೋದಾ?" ಅಂದಳು.

ಬೂಟು ಮಾತ್ರ ಅಂಗಡಿಯದೇ ಆಗಬೇಕಿತ್ತು. ಅತ್ತೆಯ ಕಾಲು ಅಗಲ. ಹಿಮ್ಮಡಿ ಒಡೆದು ಗಟ್ಟಿಯಾಗಿತ್ತು. ಚಿತ್ರದುರ್ಗದಲ್ಲಿ ನಾಲ್ಕು ಅಂಗಡಿ ತಿರುಗಿ, ಕೊನೆಗೆ ಗಂಡಸರ ಬೂಟು ತೆಗೆದುಕೊಂಡೆವು. ಅಭ್ಯಾಸ ಆಗಲಿ ಅಂತ ಅದನ್ನು ಹಾಕಿಕೊಂಡೇ ಒಂದು ವಾರ ಕುರಿ ಕಾಯಿ ಅಂದೆ. ಎರಡನೇ ದಿನಕ್ಕೆ ಕಾಲಿಗೆ ಬೊಬ್ಬೆ ಬಂತು. ಬೂಟಿನ ಸದ್ದಿಗೆ ಕುರಿಗಳು ಯಾರೋ ಬಂದರೆಂದು ಬೆದರಿ ಚೆದುರಿದವಂತೆ. ಆದರೂ ಅವಳು ಬಿಡಲಿಲ್ಲ. ಐದನೇ ದಿನ ಕುರಿಗಳು ಸುಮ್ಮನಾದವು.

ಇದೆಲ್ಲ ಒಂದು ಕಡೆ. ಇನ್ನೊಂದು ಕಡೆ ನಾನು ಮಾಡಿದ್ದು ಬೇರೆ ಇದೆ, ಅದನ್ನೂ ಹೇಳಬೇಕು. ಕೂಟದಲ್ಲಿ ಅತ್ತೆ ಹತ್ತು ನಿಮಿಷ ಮಾತಾಡಬೇಕಿತ್ತು. ಆ ಮಾತನ್ನು ನಾನು ಬರೆದೆ. "ನಾವು ಪಾರಂಪರಿಕ ಪಶುಪಾಲಕ ಸಮುದಾಯದವರು. ಪ್ರಕೃತಿಯೊಂದಿಗೆ ನಮ್ಮ ಸಂಬಂಧ ಅವಿನಾಭಾವ." ಹೀಗೆ ಎರಡು ಪುಟ. ಭಾನುವಾರ ಭಾನುವಾರ ಹೋಗಿ ಬಾಯಿಪಾಠ ಮಾಡಿಸಿದೆ. 'ಅವಿನಾಭಾವ' ಅವಳ ನಾಲಿಗೆಗೆ ಕೂರಲಿಲ್ಲ. "ಐತೆ ಅನ್ನಬೇಡ ಅತ್ತೆ, ಇದೆ ಅನ್ನು" ಅಂದೆ. ಯಾಕೆ ಹಾಗಂದೆನೋ! ಕೂಟದಲ್ಲಿ ಕೇಳುವವರಿಗೆ ಐತೆಯೂ ಒಂದೇ, ಇದೆಯೂ ಒಂದೇ. ಅತ್ತೆ ಮಾತ್ರ ಶಾಲೆಗೆ ಹೊಸದಾಗಿ ಸೇರಿದವಳ ಹಾಗೆ ನೆಲ ನೋಡಿಕೊಂಡು, "ಇದೆ, ಇದೆ" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಏಪ್ರಿಲ್ ಕೊನೆಗೆ ಪಾಸ್‌ಪೋರ್ಟು ಬಂತು. ಮೇ ತಿಂಗಳ ನಡುವೆ ವೀಸಾಕ್ಕೆ ಬೆಂಗಳೂರಿಗೆ ಹೋಗಬೇಕಾಯಿತು. ಹಿಂದಿನ ದಿನಗಳಲ್ಲಿ ಎರಡು ಮಳೆ ಬಿದ್ದು ಹೊಲಗಳಲ್ಲಿ ಹಸಿರು ಕಾಣಿಸಿಕೊಂಡಿತ್ತು. ಹೊರಡುವಾಗ ಅತ್ತೆ ಮೈದುನನಿಗೆ, "ಕಾಲುವೆ ಪಕ್ಕದ ಜೋಳದ ಹೊಲದ ಕಡೆ ಬಿಡಬ್ಯಾಡಪ್ಪ. ಕೂಳೆ ಚಿಗುರೈತೆ" ಅಂದಳು. ಜೋಳ ಕೊಯ್ದ ಮೇಲೆ ಉಳಿದ ಬುಡಕ್ಕೆ ಮಳೆ ಬಿದ್ದು ಬರುವ ಎಳೆ ಚಿಗುರು ಕುರಿಗೆ ವಿಷ. ಇದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. "ಗೊತ್ತು ಬಿಡತ್ತಿಗೆ, ನಾನೇನು ನಿನ್ನೆ ಹುಟ್ಟಿದ್ನಾ" ಅಂದ ಅವನು.

ಬೆಂಗಳೂರಿನ ಕಚೇರಿಯಲ್ಲಿ ಬೆರಳಚ್ಚು ತೆಗೆಯುವ ಯಂತ್ರಕ್ಕೆ ಅತ್ತೆಯ ಬೆರಳು ಸಿಗಲಿಲ್ಲ. ಕದಿರು ತಿರುಗಿಸಿ, ಹಗ್ಗ ಹೊಸೆದು, ಮುಳ್ಳು ಕಿತ್ತು, ಗೆರೆಗಳು ಸವೆದಿದ್ದವು. ಗಾಜಿನ ಮೇಲೆ ಬೆರಳಿಟ್ಟರೆ ಪರದೆ ಕೆಂಪಾಗುತ್ತಿತ್ತು. ಅಲ್ಲಿದ್ದ ಹುಡುಗಿ ಒದ್ದೆ ಬಟ್ಟೆಯಿಂದ ಒರೆಸಿದಳು, ಒತ್ತಿ ಹಿಡಿದಳು, ಮತ್ತೆ ಕೆಂಪು. "ಅಜ್ಜಿ, ಇನ್ನೊಂದು ಸಲ" ಅನ್ನುತ್ತಿದ್ದಳು ಪಾಪ. ಹಿಂದೆ ಸಾಲಿನಲ್ಲಿದ್ದವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಅತ್ತೆಯ ಮುಖದಲ್ಲಿ ಬೆವರು ಇಳಿಯಿತು. "ನನ್ ಕೈಯಲ್ಲೇನೂ ಇಲ್ವಂತಾ?" ಎಂದು ನನ್ನನ್ನು ಕೇಳಿದಳು. ಮೇಲಿನವರು ಬಂದು, ಒಂದು ಫಾರಂ ತುಂಬಿಸಿ, ಸಿಕ್ಕಷ್ಟು ಬೆರಳು ಸಾಕು ಅಂದರು. ಹೊರಗೆ ಬರುವಾಗ ಮಧ್ಯಾಹ್ನ ಎರಡಾಗಿತ್ತು.

ಬಸ್ಸು ತುಮಕೂರು ದಾಟುವಾಗ ನನ್ನ ಫೋನು ಹೊಡೆದುಕೊಂಡಿತು. ಹಟ್ಟಿಯ ಹುಡುಗನೊಬ್ಬ. "ಅಕ್ಕ, ಬೇಗ ಬರ್ರಿ. ಕುರಿ ಬೀಳ್ತಾ ಅವೆ."

"ಏನಾಗಿದೆ? ಹೊಟ್ಟೆ ಉಬ್ಬಿದೆಯಾ? ನಡುಗ್ತಿವೆಯಾ?"

"ಎಲ್ಲಾ. ಕುತ್ತಿಗೆ ಹಿಂದಕ್ಕೆ ಎಳ್ಕೊಂಡು ಬೀಳ್ತವೆ."

ನನಗೆ ತಿಳಿಯಿತು. ಅದಕ್ಕೆ ಚುಚ್ಚುಮದ್ದಿದೆ, ಅರ್ಧ ಗಂಟೆಯೊಳಗೆ ರಕ್ತನಾಳಕ್ಕೆ ಕೊಟ್ಟರೆ ಕುರಿ ಎದ್ದು ನಿಲ್ಲುತ್ತದೆ. ಇಪ್ಪತ್ತು ವರ್ಷದಲ್ಲಿ ನಾನೇ ಎಷ್ಟೋ ಕುರಿ ಎಬ್ಬಿಸಿದ್ದೆ. ಆಸ್ಪತ್ರೆಗೆ ಫೋನ್ ಮಾಡಿದೆ. ಡಾಕ್ಟರು ಆ ದಿನ ಹೊಳಲ್ಕೆರೆಯ ಲಸಿಕೆ ಶಿಬಿರಕ್ಕೆ ಹೋಗಿದ್ದರು. ಔಷಧಿ ಬೀರುವಿನ ಬೀಗದ ಕೈ ನನ್ನ ಚೀಲದಲ್ಲಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತೆ. ಆ ಬಸ್ಸಿನಲ್ಲಿ ಇನ್ನೇನು ಮಾಡಲಿ? ಬೆಲ್ಲದ ನೀರು ಕುಡಿಸಿ ಎಂದು ಹುಡುಗನಿಗೆ ಹೇಳಿದೆ, ಅಷ್ಟೇ. ಅತ್ತೆ ನನ್ನ ಮುಖ ನೋಡುತ್ತಿದ್ದಳು. "ಕೂಳೆ ತಿಂದವಾ?" ಅಂದಳು. ಹೌದು ಅಂದೆ. ಆಮೇಲೆ ಶಿರಾ, ಆಮೇಲೆ ಹಿರಿಯೂರು, ಆಮೇಲೆ ಹಟ್ಟಿ.

ಹತ್ತೊಂಬತ್ತು ಸತ್ತಿದ್ದವು. ಎಲ್ಲವನ್ನೂ ರೊಪ್ಪದ ಹೊರಗೆ ಸಾಲಾಗಿ ಮಲಗಿಸಿದ್ದರು. ಇನ್ನೂ ಬೆಳಕಿತ್ತು. ಮೈದುನ ಟವೆಲ್ಲು ಮುಖಕ್ಕೆ ಒತ್ತಿಕೊಂಡು ಕಲ್ಲಿನ ಮೇಲೆ ಕೂತಿದ್ದ. "ತಪ್ಪಿಸ್ಕೊಂಡು ನುಗ್ಗಿದ್ವು ಅತ್ತಿಗೆ, ನಾನು ಓಡೋ ಹೊತ್ತಿಗೆ..." ಅಂದ. ಅತ್ತೆ ಅವನ ಹಿಂದಿನಿಂದ ದಾಟಿ ಹೋದಳು. ಸಾಲಿನ ಉದ್ದಕ್ಕೂ ನಡೆದು ಒಂದೊಂದರ ಕಿವಿಯನ್ನೂ ಮುಟ್ಟಿದಳು. ನನ್ನ ಕೆಲಸ ನಾನು ಮಾಡಲೇಬೇಕಿತ್ತು. ಒಂದು ಕುರಿಯ ಹೊಟ್ಟೆ ಕುಯ್ದು ನೋಡಿದೆ. ಎಳೆ ಹಸಿರು ಚಿಗುರು, ಇನ್ನೂ ಅರಗದೆ. ಪುಸ್ತಕದಲ್ಲಿ ಹೇಳಿದ ಹಾಗೆಯೇ ಕಹಿ ಬಾದಾಮಿಯ ವಾಸನೆ. ತಾಯಿ ಸತ್ತ ಎರಡು ಮರಿ ಹಿಂದೆ ಅರಚುತ್ತಿದ್ದವು. ಅತ್ತೆ ಬೆಂಗಳೂರಿಗೆ ಉಟ್ಟುಹೋಗಿದ್ದ ಒಳ್ಳೇ ಸೀರೆಯಲ್ಲೇ ಕೂತು, ಬದುಕಿದ್ದ ಕುರಿಯೊಂದರ ಕೆಚ್ಚಲಿಗೆ ಅವುಗಳ ಬಾಯಿ ಹಚ್ಚಲು ನೋಡಿದಳು. ಆ ಕುರಿ ಒದೆಯುತ್ತಿತ್ತು. ಮತ್ತೆ ಹಿಡಿದು ಹಚ್ಚಿದಳು.

ಒಂದು ವಾರ ನಾನು ಹೋಗಲಿಲ್ಲ. ಧೈರ್ಯ ಬರಲಿಲ್ಲ. ಆಮೇಲಿನ ಭಾನುವಾರ ಹೋದೆ, ಹೋಗುವಾಗ ಆ ಎರಡು ಪುಟದ ಭಾಷಣವನ್ನೂ ತೆಗೆದುಕೊಂಡು ಹೋದೆ. ಅತ್ತೆ ಹೊಸ್ತಿಲಲ್ಲಿ ಕೂತಿದ್ದಳು.

"ನಾನ್ ಬರಲ್ಲ ಕಣೆ. ಬೇರೆಯೋರನ್ನ ಕರ್ಕೊಂಡು ಹೋಗು."

"ಬೇರೆಯವರಿಗೆ ಈಗ ಪಾಸ್‌ಪೋರ್ಟು ಎಲ್ಲಿಂದ ತರಲಿ? ಎಲ್ಲಾ ನಿನ್ನ ಹೆಸರಿನಲ್ಲಿ ಆಗಿದೆ. ನಿನಗೋಸ್ಕರ ಎಷ್ಟು ಜನ ಕಷ್ಟಪಟ್ಟಿದ್ದಾರೆ ಗೊತ್ತಾ?"

"ಯಾರು ಪಡ್ರಿ ಅಂದ್ರು?"

"ಇಂಥ ಅವಕಾಶ ಮತ್ತೆ ಬರಲ್ಲ ಅತ್ತೆ. ಕುರಿ ಮತ್ತೆ ಹುಟ್ತವೆ."

ಈ ಮಾತು ನನ್ನ ಬಾಯಿಂದ ಬಂತು. ನಾನು ಕುರಿಗಾರರ ಮನೆಯ ಮಗಳು, ಪಶು ಆಸ್ಪತ್ರೆಯ ನೌಕರಳು. ಅತ್ತೆ ನನ್ನನ್ನೇ ದಿಟ್ಟಿಸಿದಳು. ಸಿಟ್ಟಿನಿಂದಲ್ಲ.

"ನೀನು ನನ್ನ ಕರ್ಕೊಂಡು ಹೋಗ್ತಿಲ್ಲ ಮಗಾ. ನನ್ನ ತೋರ್ಸಿ ನೀನು ಹೋಗ್ತಿದೀಯ. ಹೋಗು, ಬ್ಯಾಡ ಅನ್ನಲ್ಲ. ಆದ್ರೆ ನನಗೋಸ್ಕರ ಅನ್ನಬ್ಯಾಡ."

ನಾನು ಎದ್ದು ಬಂದೆ. ಬಸ್ಸು ಸಿಗುವವರೆಗೆ ಸಿಟ್ಟಿತ್ತು: ಎಷ್ಟು ಮಾಡಿದರೂ ಇಷ್ಟೇ ಈ ಜನ ಅಂತ. ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕೂತ ಮೇಲೆ 'ಈ ಜನ' ಅಂದದ್ದು ನಾನೇ ಕೇಳಿಸಿಕೊಂಡೆ. ಹಿರಿಯೂರು ಬಂದಾಗ ಇಳಿಯುವುದಕ್ಕೂ ನಾಚಿಕೆಯಾಯಿತು. ಯಾರೂ ನೋಡುತ್ತಿರಲಿಲ್ಲ, ಆದರೂ. ಮಾರನೇ ದಿನ ಬೆಂಗಳೂರಿನ ಸಂಸ್ಥೆಯವಳಿಗೆ ಫೋನ್ ಮಾಡಿ, ನಾವು ಬರುವುದಿಲ್ಲ ಎಂದು ಹೇಳಬೇಕೆಂದು ಮೂರು ಸಲ ನಂಬರ್ ಒತ್ತಿ ಕಟ್ ಮಾಡಿದೆ. ಹೇಳಲಿಲ್ಲ. ಆಸೆ ಇನ್ನೂ ಇತ್ತು; ಸುಳ್ಳು ಯಾಕೆ ಹೇಳಲಿ.

ಇದಾದ ನಾಲ್ಕು ದಿನಕ್ಕೆ ಅತ್ತೆಯೇ ಹಿರಿಯೂರಿಗೆ ಬಂದಳು. ಆಸ್ಪತ್ರೆಯ ಹೊರಗಿನ ಬೇವಿನ ಮರದ ಕೆಳಗೆ ಕೋಲು ಹಿಡಿದು ನಿಂತಿದ್ದಳು. ಮುಖ ಕೆಂಪಾಗಿತ್ತು. ಹಟ್ಟಿಯ ಗುಡಿಯ ಮುಂದೆ ಹಿರಿಯರು ಸೇರಿದ್ದರಂತೆ. ಅವರಲ್ಲಿ ಎಲ್ಲರೂ ಮಾತು ಕೇಳುವ ಒಬ್ಬ ಹಿರಿಯ, "ಹೆಂಗ್ಸು ಸಮುದ್ರ ದಾಟ್ತೀನಿ ಅಂತ ಹೊರಟ್ಳು, ದೇವ್ರು ಅದ್ಕೇ ಕುರಿ ಕಿತ್ಕೊಂಡ. ತಪ್ಪಾಯ್ತು ಅಂತ ಕಾಯಿ ಒಡೆಸಲಿ" ಅಂದನಂತೆ. ಇನ್ನೊಬ್ಬ, "ಹೊತ್ತು ಮುಳುಗದ ಊರಿಗೆ ಹೊರಟೋಳ ಮನೇಲೇ ಹೊತ್ತು ಮುಳುಗ್ತು" ಅಂದು ನಗಿಸಿದನಂತೆ.

"ನೀನೇನಂದೆ?"

"ಕುರಿ ಸತ್ತಿದ್ದು ಜೋಳ ತಿಂದು. ದೇವ್ರ ತಲೆಗ್ಯಾಕೆ ಕಟ್ತೀರಿ ಅಂದೆ. ಇಷ್ಟು ವರ್ಷ ಮಳೇಲಿ, ಚಳೀಲಿ, ತೋಳದ ಬಾಯಲ್ಲಿ ಕಾದೆ. ಆವಾಗ ಒಂದು ಕುರಿ ಉಳಿದಾಗ್ಲೂ ದೇವ್ರು ಉಳಿಸ್ದ ಅಂತ ಯಾರೂ ಬಂದು ಹೇಳ್ಲಿಲ್ಲ." ಕೋಲು ನೆಲಕ್ಕೆ ಊರಿ, "ನಾನು ಹೋಗ್ತೀನಿ. ಕಾಯಿ ಒಡೆಸಿ ಕುಂತ್ಕೊಂಡ್ರೆ ಅವ್ರು ಹೇಳಿದ್ದೇ ನಿಜ ಆಗ್ತೈತೆ" ಅಂದಳು.

ನಾನು ಅಲ್ಲೇ, ದನ ಹಿಡಿದುಕೊಂಡು ನಿಂತಿದ್ದ ಜನರ ಮುಂದೆಯೇ, "ನನ್ನದು ತಪ್ಪಾಯ್ತು ಅತ್ತೆ" ಅಂದೆ. "ಅದಿರ್ಲಿ, ಆ ಕಾಗದ ಹರಿದಾಕು. ನನಗೆ ಆ ಮಾತು ಬರಲ್ಲ" ಅಂದಳು. ಭಾಷಣ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ತಂದು ಅವಳ ಎದುರಿಗೇ ಹರಿದೆ.

ಜೂನ್ ಮೊದಲ ವಾರ ಇಬ್ಬರ ವೀಸಾವೂ ಬಂತು. ಹೊರಡಲು ಹನ್ನೊಂದು ದಿನ ಇತ್ತು. ಆಗ ನನ್ನ ಕಾಗದದಲ್ಲಿ ತೊಂದರೆಯಾಯಿತು. ಸರ್ಕಾರಿ ನೌಕರರು ದೇಶ ಬಿಟ್ಟು ಹೋಗಬೇಕಾದರೆ ಇಲಾಖೆಯ ಅನುಮತಿ ಪತ್ರ ಬೇಕು. ನಾನು ಮಾರ್ಚಿನಲ್ಲೇ ಅರ್ಜಿ ಕೊಟ್ಟಿದ್ದೆ. ಆದರೆ ಅತ್ತೆಯ ಮೂರು ಹೆಸರು ಒಂದು ಮಾಡುವ ಗಡಿಬಿಡಿಯಲ್ಲಿ, ನನ್ನ ಅರ್ಜಿಗೆ ಆಹ್ವಾನ ಪತ್ರದ ಪ್ರತಿಯನ್ನೇ ಲಗತ್ತಿಸಿರಲಿಲ್ಲ. ಕಡತ ಎಲ್ಲೋ ಹೋಗಿ, ಅದೇ ಪ್ರಶ್ನೆ ಹೊತ್ತು ತಿರುಗಿ ಬಂದಿತ್ತು. ಮತ್ತೆ ಲಗತ್ತಿಸಿ, ಚಿತ್ರದುರ್ಗಕ್ಕೂ ಬೆಂಗಳೂರಿಗೂ ಓಡಿದೆ. ಎಲ್ಲರೂ ಒಳ್ಳೆಯದಾಗಿಯೇ ಮಾತಾಡಿಸಿದರು, ಕೂರಿಸಿ ಕಾಫಿ ಕೊಟ್ಟರು. ಹದಿನೈದು ದಿನವಾದರೂ ಬೇಕು ಅಂದರು. ತಪ್ಪು ನನ್ನದೇ ಆದ್ದರಿಂದ ಯಾರನ್ನು ಬಯ್ಯಲಿ?

ಅತ್ತೆಗೆ ಹೇಳಲು ಹೋದಾಗ ಅವಳು ನನ್ನ ಕೈ ಹಿಡಿದುಕೊಂಡಳು. ನಾನು ಅಳುತ್ತಿದ್ದೆ. ಐವತ್ತೇಳು ವರ್ಷದ ಹೆಂಗಸು, ಬಸ್ ಸ್ಟಾಪಿನಲ್ಲಿ ತಿಂಡಿ ಬಿದ್ದುಹೋದ ಮಗುವಿನ ಹಾಗೆ.

"ಹಂಗಾದ್ರೆ ನಾನೊಬ್ಳೇ?" ಅಂದಳು ಅತ್ತೆ. ಮೊದಲ ಸಲ ಅವಳ ದನಿಯಲ್ಲಿ ಹೆದರಿಕೆ ಕೇಳಿದೆ.

ಬೆಂಗಳೂರಿನವಳೇ ದಾರಿ ಹುಡುಕಿದಳು. ಅನಂತಪುರದ ಕಡೆಯಿಂದ ಕುರಿಗಾರರ ಜೊತೆ ಕೆಲಸ ಮಾಡುವ ತೆಲುಗು ಹೆಣ್ಣುಮಗಳೊಬ್ಬಳು ಅದೇ ಕೂಟಕ್ಕೆ ಹೊರಟಿದ್ದಳು, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಅತ್ತೆ ಬೇಸಿಗೆಯಲ್ಲಿ ಮೇವು ಹುಡುಕಿ ಆಂಧ್ರದ ಗಡಿಯಾಚೆಗೆ ಕುರಿ ಹೊಡೆದು ಎಷ್ಟೋ ವರ್ಷ ಇದ್ದವಳು; ತೆಲುಗು ಅವಳಿಗೆ ನೀರು ಕುಡಿದ ಹಾಗೆ. ಇಬ್ಬರನ್ನೂ ಫೋನಿನಲ್ಲಿ ಮಾತಾಡಿಸಿದೆವು. ಐದು ನಿಮಿಷದಲ್ಲಿ ಕುರಿಯ ಕಾಲುಕೊಳೆ ರೋಗದ ಮಾತಿಗೆ ಬಂದಿದ್ದರು. ನಾನು ಪಕ್ಕದಲ್ಲಿ ಕೂತು, ನನಗೆ ಅರ್ಧಂಬರ್ಧ ತಿಳಿಯುವ ಭಾಷೆಯಲ್ಲಿ ಅತ್ತೆ ಇಷ್ಟು ಸಲೀಸಾಗಿ ಮಾತಾಡುವುದನ್ನು ಕೇಳುತ್ತಿದ್ದೆ. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳು.

ವಿಮಾನ ನಿಲ್ದಾಣದಲ್ಲಿ ಅತ್ತೆ ಗಂಡಸರ ಬೂಟು, ಹಸಿರು ಸೀರೆ, ಹೆಗಲಿಗೆ ಹೊಸ ಕಂಬಳಿ. ಚೀಲದಲ್ಲಿ ರಾಗಿ ಹಿಟ್ಟು, ಹುರಿದ ಶೇಂಗಾ, ಕೆಂಪು ಖಾರ. ತೆಲುಗು ಹೆಣ್ಣುಮಗಳು ಅವಳ ತೋಳು ಹಿಡಿದಳು. ಒಳಗೆ ಹೋಗುವ ಮೊದಲು ಅತ್ತೆ ನನ್ನ ಕಡೆ ತಿರುಗಿ, "ತಬ್ಬಲಿ ಮರಿ ಎರಡನ್ನೂ ಬೇರೆ ಕಟ್ಟು. ದೊಡ್ಡವು ತುಳೀತವೆ" ಅಂದಳು. ರಜೆ ಮಂಜೂರಾಗಿತ್ತು, ಹೋಗುವ ಅನುಮತಿ ಮಾತ್ರ ಇರಲಿಲ್ಲ. ಆ ರಜೆಯಲ್ಲಿ ನಾನು ಅವಳ ಕುರಿ ಕಾಯುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಒಂಬತ್ತು ದಿನ ಕಾದೆ. ಬಾಲ್ಯದಲ್ಲಿ ಅಪ್ಪನ ಹಿಂದೆ ಹೋದದ್ದು ಬಿಟ್ಟರೆ ಮತ್ತೆ ಹೋಗಿರಲಿಲ್ಲ. ರೋಗ ಬಂದ ಕುರಿ ನನಗೆ ಗೊತ್ತು. ಸುಮ್ಮನೆ ನಡೆಯುವ ಕುರಿ ಗೊತ್ತಿಲ್ಲ ಎಂದು ಆ ದಿನಗಳಲ್ಲಿ ತಿಳಿಯಿತು. ಅವು ನನ್ನ ಕೂಗಿಗೆ ತಿರುಗುತ್ತಿರಲಿಲ್ಲ. ಮೈದುನ ಜೊತೆಗೆ ಬರುತ್ತಿದ್ದ. ಮೊದಲ ನಾಲ್ಕು ದಿನ ಅತ್ತೆಯ ಸುದ್ದಿಯೇ ಇಲ್ಲ. ಫೋನು ಹಿಡಿದು ಸಿಗ್ನಲ್ ಸಿಗುವ ದಿಣ್ಣೆ ಹತ್ತಿ ಹತ್ತಿ ನೋಡುತ್ತಿದ್ದೆ. ಅರವತ್ತು ದಾಟಿದ ಹೆಂಗಸನ್ನು ಎಲ್ಲಿಗೆ ಕಳಿಸಿದೆ? ಚಳಿಗೆ ಎದೆ ಹಿಡಿದರೆ? ಏನಾದರೂ ಆದರೆ ಹಟ್ಟಿಯಲ್ಲಿ ಮುಖ ಎತ್ತುವುದು ಹೇಗೆ? ಐದನೇ ದಿನ ಒಂದು ಫೋಟೋ ಬಂತು. ಬೋಳು ಗುಡ್ಡ, ಅಲ್ಲಲ್ಲಿ ಹಿಮದ ತೇಪೆ, ಕಂಬಳಿ ಹೊದ್ದ ಅತ್ತೆ, ಪಕ್ಕದಲ್ಲಿ ನೀಲಿ ಉಡುಪಿನ ಒಬ್ಬ ಮುದುಕಿ. ಜೊತೆಗೆ ತೆಲುಗು ಹೆಣ್ಣುಮಗಳ ಒಂದು ಸಾಲು: "ಇವರು ರಾತ್ರಿಯೂ ಪ್ರಾಣಿಗಳನ್ನು ಕಟ್ಟುವುದಿಲ್ಲವಂತೆ, ಆಂಟಿಗೆ ನಂಬಿಕೆ ಬರುತ್ತಿಲ್ಲ."

ಅದನ್ನು ಮೈದುನನಿಗೆ ತೋರಿಸಿದೆ. ಬಹಳ ಹೊತ್ತು ಫೋಟೋ ನೋಡಿದ. ಆಮೇಲೆ, "ಅವತ್ತು ನಾನು ಮಲಗಿದ್ದೆ ಕಣವ್ವ" ಅಂದ. "ಹೊಂಗೆ ಮರದ ಕೆಳಗೆ. ತಪ್ಪಿಸ್ಕೊಂಡು ನುಗ್ಗಿದ್ವು ಅಂದೆನಲ್ಲ, ಅದು ಸುಳ್ಳು. ಎದ್ದಾಗ ಎಲ್ಲಾ ಹೊಲದಲ್ಲೇ ಇದ್ವು. ಯಾರಿಗೂ ಹೇಳಿಲ್ಲ. ನಿಮ್ಮತ್ತೆಗೆ ಹೇಳಬ್ಯಾಡ."

ಬೀಗದ ಕೈ ಚೀಲದಲ್ಲಿಟ್ಟುಕೊಂಡು ಊರು ಬಿಟ್ಟವಳು ನಾನು. "ಹೇಳಲ್ಲ ಬಿಡಪ್ಪ" ಅಂದೆ.

ಅತ್ತೆ ಬಂದ ಮೇಲೆ ನಾನು ಹೇಳಲಿಲ್ಲ. ಆದರೆ ಒಂದು ದಿನ ಅವನ ಮಾತು ಬಂದಾಗ ನಾನು ತಡವರಿಸಿದ್ದು ನೋಡಿ ಅವಳೇ, "ಗೊತ್ತು. ಅವತ್ತು ಅವನ ಬೆನ್ನಿಗೆಲ್ಲ ಹೊಂಗೆ ಹೂ ಅಂಟಿತ್ತು" ಅಂದಳು. "ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?" ಅಂದೆ. "ಕೇಳಿದ್ರೆ ಅವನು ಹಟ್ಟೀಲಿ ಹೆಂಗೆ ಬಾಳ್ವೆ ಮಾಡ್ತಾನೆ?" ಅಂದು ಮಾತು ಮುಗಿಸಿದಳು.

ಆ ದೇಶದ ಬಗ್ಗೆ ಅವಳು ಹೆಚ್ಚು ಹೇಳಲಿಲ್ಲ. ನನಗಂತೂ ಕೇಳಿದಷ್ಟಕ್ಕೇ ಉತ್ತರ. ಕೂಟದಲ್ಲಿ ಏನು ಮಾತಾಡಿದೆ ಅಂದರೆ, "ನಂಗೆ ಬಂದಂಗೆ ಮಾತಾಡ್ದೆ" ಅಂದಳು. ನಮ್ಮಿಬ್ಬರ ನಡುವೆ ಮೊದಲಿನ ಸಲಿಗೆ ಪೂರ್ತಿ ಬರಲಿಲ್ಲ. ಅವಳು ಮೊದಲಿನ ಹಾಗೆ ನನ್ನನ್ನು ಬಯ್ಯುವುದನ್ನು ಬಿಟ್ಟಿದ್ದಳು, ಅದೇ ಗುರುತು. ಹಟ್ಟಿಯ ಹೆಂಗಸರು ಕೂಡಿ ಕೇಳಿದರೆ ಮಾತ್ರ ಸ್ವಲ್ಪ ಬಿಚ್ಚುತ್ತಿದ್ದಳು. ಹಾಗೆ ಒಂದು ಸಂಜೆ ನಾನೂ ಹಿಂದೆ ಕೂತು ಕೇಳಿದೆ.

ಆ ನೀಲಿ ಉಡುಪಿನ ಮುದುಕಿ ಅತ್ತೆಯನ್ನು ಒಂದು ದಿನ ಗುಡ್ಡದ ಮೇಲಕ್ಕೆ ಕರೆದುಕೊಂಡು ಹೋದಳಂತೆ. ಅನುವಾದದವರು ಯಾರೂ ಜೊತೆಗಿರಲಿಲ್ಲ. ಮೇಲೆ ಹೋಗಿ ನೋಡಿದರೆ ಆಚೆ ಗುಡ್ಡದ ತುಂಬಾ ಗಾಳಿಯಂತ್ರ ನೆಟ್ಟಿದ್ದರಂತೆ, ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲೆ ಇರುವಂಥವೇ, ಬಿಳಿ ರೆಕ್ಕೆಯವು. ಮುದುಕಿ ಕೈ ಚಾಚಿ ಆ ಗುಡ್ಡ ತೋರಿಸಿ, ತನ್ನ ಎದೆ ಮುಟ್ಟಿಕೊಂಡು, ಪ್ರಾಣಿಗಳು ಹೆದರಿ ಓಡುವ ಹಾಗೆ ಬೆರಳು ಆಡಿಸಿ ತೋರಿಸಿದಳಂತೆ.

"ಅಲ್ಲಿ ಅವಳ ಗಂಡ ಮೇಯಿಸ್ತಿದ್ನೋ, ಅಪ್ಪ ಮೇಯಿಸ್ತಿದ್ನೋ, ಅದು ತಿಳೀಲಿಲ್ಲ" ಅಂದಳು ಅತ್ತೆ. "ಅವಳ ಮಾತು ನನಗೆ ಬರಲ್ಲ, ನನ್ನ ಮಾತು ಅವಳಿಗೆ ಬರಲ್ಲ. ಅವಳು ಅತ್ಲು. ನಾನೂ ಪಕ್ಕದಲ್ಲಿ ಕುಂತ್ಕೊಂಡು ಅತ್ಬಿಟ್ಟೆ. ಗಾಳಿ ಬಾಳ ಇತ್ತು. ಕಂಬಳಿ ಬಿಚ್ಚಿ ಇಬ್ರಿಗೂ ಹೊದ್ದಿಸ್ದೆ."

"ಆಮೇಲೆ?" ಎಂದು ಯಾರೋ ಕೇಳಿದರು.

"ಆಮೇಲೇನು, ಇಳ್ಕೊಂಡು ಬಂದ್ವಿ" ಅಂದಳು.